ಎರಡು ತಾಸಿನ ಅಲಾರಾಂ ನಡುವೆ ಒಂದು ಕೌದಿ: ಕಷ್ಟದ ದಿನಗಳಲ್ಲಿ ಕೈಹೊಲಿಗೆ ಹಿಡಿಯುವವರಿಗೆ

ಶ್ರಾವಣದ ಮೊದಲ ವಾರ ನಮ್ಮ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದವು. ಮಾತು ತೊದಲಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತನ್ನು ಎರಡೆರಡು ಸಲ ಹೇಳಿದರು: ಹಗಲೂ ರಾತ್ರಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಮೊಬೈಲಿನಲ್ಲಿ ಅಲಾರಾಂ ಇಟ್ಟೆ. ಒಂದು ಅಲಾರಾಂ ಆಗಿ ಇನ್ನೊಂದು ಆಗುವವರೆಗೆ ಏನು ಮಾಡುವುದು ಅಂತ ಮಾತ್ರ ಗೊತ್ತಾಗಲಿಲ್ಲ. ಮಲಗಿದರೆ ನಿದ್ದೆ ಇಲ್ಲ. ಓದಲು ಕೂತರೆ ಅದೇ ಸಾಲು ನಾಲ್ಕು ಸಲ. ಕೊನೆಗೆ ಸುಮ್ನೆ ಮೊಬೈಲು ತಿಕ್ಕುತ್ತಾ ಕೂರುವುದು, ಬೆಳಗಾದರೆ ಕಣ್ಣು ಉರಿ, ತಲೆ ಭಾರ.

ಮೂರನೇ ವಾರ ಹಾಸಿಗೆಗೆ ಹಳೇ ಬಟ್ಟೆ ಬೇಕಾಗಿ ಅತ್ತೆಯ ಟ್ರಂಕು ತೆಗೆದೆ. ಒಳಗೆ ಹರಿದ ಕಾಟನ್ ಸೀರೆಗಳು, ಮಾವನವರ ಎರಡು ಧೋತರ, ಖಣದ ಕುಪ್ಪಸದ ತುಂಡುಗಳು. ಎಲ್ಲಾ ಒಗೆದು, ಮಡಚಿ, ಕಟ್ಟಿಟ್ಟಿದ್ದರು. ಕೌದಿಗೆ ಅಂತಲೇ ತೆಗೆದಿಟ್ಟದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅವತ್ತು ರಾತ್ರಿ ಅವರ ಮಂಚದ ಪಕ್ಕ ಚಾಪೆ ಹಾಸಿ ಶುರು ಮಾಡಿದೆ. ತುಳಸಿ ಲಗ್ನದ ಹೊತ್ತಿಗೆ ಮುಗಿಯಿತು.

ಹಾಗಾಗಿ ಇದು ತೀರಾ ಆರಾಮಾಗಿರುವವರಿಗೆ ಬರೆದದ್ದಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಅಥವಾ ಯಾರೋ ಹೋಗಿಬಿಟ್ಟಿದ್ದಾರೆ, ಅಥವಾ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದೀರಿ, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಅಂಥವರು ಒಂದು ಕೌದಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಹೊಲಿಯಬಹುದು ಅನ್ನುವುದನ್ನು ಹೇಳುತ್ತೇನೆ.

ಕೌದಿಯೇ ಯಾಕೆ

ಕೌದಿ ಅಂದರೆ ಹಳೇ ಸೀರೆ, ಧೋತರ, ಲುಂಗಿಗಳನ್ನು ಪದರ ಪದರವಾಗಿ ಹಾಕಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಇಡೀ ಮೈಗೆ ಕೈಯಲ್ಲೇ ದಾರ ಓಡಿಸಿದ ಹೊದಿಕೆ. ಒಳಗೆ ಹತ್ತಿ ತುಂಬುವುದಿಲ್ಲ. ತುಂಬಿದರೆ ಅದು ಗಾದಿ, ಕೌದಿ ಅಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹಳೇ ಮನೆಗಳಲ್ಲಿ ಇನ್ನೂ ನಾಲ್ಕೈದು ಸಿಗುತ್ತವೆ. ಮಹಾರಾಷ್ಟ್ರದವರು ಇಂಥದ್ದನ್ನೇ ಗೋಧಡಿ ಅಂತಾರೆ. ಬಂಗಾಳದ ಕಾಂತಾ, ಬಿಹಾರದ ಸುಜನಿ ಕೂಡ ಇದರ ಅಕ್ಕತಂಗಿಯರೇ.

ಸ್ವೆಟರ್ ಹೆಣೆಯಲು ಮನೆ ಎಣಿಸಬೇಕು. ಕಸೂತಿಗೆ ಎಳೆ ಎಣಿಸಬೇಕು. ನಿದ್ದೆಗೆಟ್ಟ ತಲೆಗೆ ಎಣಿಕೆ ಆಗದು. ಕೌದಿಗೆ ಎಣಿಕೆಯೇ ಇಲ್ಲ. ಯಾವ ಕ್ಷಣದಲ್ಲಿ ಕರೆದರೂ ಸೂಜಿ ಚುಚ್ಚಿ ಎದ್ದುಹೋಗಬಹುದು, ಬಂದು ಅಲ್ಲಿಂದಲೇ ಮುಂದುವರಿಸಬಹುದು. ಖರ್ಚು ಕೂಡ ದಾರದ್ದು ಮಾತ್ರ. ದವಾಖಾನೆ ಬಿಲ್ಲು ಕಟ್ಟುತ್ತಿರುವವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಬಟ್ಟೆ ಆರಿಸುವುದು

ಇದನ್ನು ಒಂದೇ ದಿನ ಮಾಡಬೇಡಿ. ತೀರಿಕೊಂಡವರ ಬಟ್ಟೆಯಾದರೆ ಅಂತೂ ಬೇಡವೇ ಬೇಡ. ಒಂದು ಸಲಕ್ಕೆ ಎರಡು ಸೀರೆ ತೆಗೆಯಿರಿ, ಸಾಕು. ಕತ್ತರಿಸಲು ಮನಸ್ಸಾಗದ ಸೀರೆಯನ್ನು ತಿರುಗಿ ಟ್ರಂಕಿಗೆ ಹಾಕಿ. ಕೌದಿ ಆಗದಿದ್ದರೂ ಪರವಾಗಿಲ್ಲ, ಆಮೇಲೆ ಹಳಹಳಿಸಬಾರದು.

ಶುದ್ಧ ಕಾಟನ್ ಒಳ್ಳೆಯದು. ಹಲವು ಸಲ ಒಗೆದದ್ದು ಇನ್ನೂ ಒಳ್ಳೆಯದು, ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಜೀನ್ಸ್ ಬಟ್ಟೆಗೆ ಕೈಸೂಜಿ ಇಳಿಯುವುದೇ ಕಷ್ಟ. ಪ್ರತಿ ಬಟ್ಟೆಗೂ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಚರ್ರನೆ ಹರಿದರೆ ಅದು ಒಳಪದರಕ್ಕೆ, ಮೇಲೆ ಬೇಡ. ಎರಡನೆಯದು, ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಉಜ್ಜಿ. ಬಣ್ಣ ಹತ್ತಿದರೆ ಅದನ್ನು ಬೇರೆಯಾಗಿ ಒಗೆಯಿರಿ, ಬಣ್ಣ ಬಿಡುವುದು ನಿಂತ ಮೇಲೇ ಸೇರಿಸಿ. ಕೆಂಪು ಬಟ್ಟೆಯನ್ನು ನಾನು ನಂಬುವುದೇ ಇಲ್ಲ.

ಸೀರೆಯ ಫಾಲ್ ಬಿಚ್ಚುವುದನ್ನು ಮರೆಯಬೇಡಿ. ಬಿಟ್ಟರೆ ಆ ಕಡೆ ಮಾತ್ರ ದಪ್ಪವಾಗಿ ಕೌದಿ ಸೊಟ್ಟ ಬೀಳುತ್ತದೆ. ಜರಿ ಅಂಚು ಕತ್ತರಿಸಿ ತೆಗೆಯಿರಿ, ಅದು ಚುಚ್ಚುತ್ತದೆ. ಇಳಕಲ್ ಸೀರೆಯಾದರೆ ಸೆರಗು ರೇಷ್ಮೆ, ಮೈಯದ್ದು ಕಾಟನ್ ಅಂತಿರುತ್ತದೆ. ಒಗೆದಾಗ ಎರಡೂ ಒಂದೇ ರೀತಿ ಕುಗ್ಗುವುದಿಲ್ಲ, ಅದಕ್ಕೇ ಸೆರಗನ್ನು ಬೇರೆ ಮಾಡಿ ಇಟ್ಟುಕೊಳ್ಳಿ. ಗುಳೇದಗುಡ್ಡದ ಖಣ ನೋಡಲು ಚೆಂದ, ಆದರೆ ಅದರ ಅಂಚಿನ ಎಳೆ ಬಿಚ್ಚಿಕೊಂಡು ಬರುತ್ತಲೇ ಇರುತ್ತದೆ. ಅದರ ತುಂಡಿಗೆ ಅಂಚು ಮಡಿಕೆ ಸ್ವಲ್ಪ ಜಾಸ್ತಿ ಇರಲಿ.

ಅಳತೆ: ಸೀರೆಯನ್ನೇ ಮೂರು ಮಡಚಿ

ಸಾಮಾನ್ಯ ಸೀರೆ ಐದೂವರೆ ಮೀಟರ್, ಅಂದರೆ ಆರು ಗಜ, ಅಂದರೆ 216 ಇಂಚು. ಮೂರು ಮಡಿಕೆ ಹಾಕಿದರೆ 72 ಇಂಚು, ಸರಿಯಾಗಿ ಆರು ಅಡಿ. ಅಗಲ ಹೇಗೂ 45 ಇಂಚು ಆಸುಪಾಸು ಇರುತ್ತದೆ. ಒಬ್ಬರು ಹೊದ್ದು ಮಲಗುವ ಕೌದಿಗೆ ಮೂರು ಪದರದ ಅಡಿಪಾಯ, ಒಂದು ಕತ್ತರಿಯೂ ಹಾಕದೆ, ಸಿದ್ಧ! ಒಂಬತ್ತು ಗಜದ ಇಳಕಲ್ ಆದರೆ ಸೆರಗಿನ ಹೆಚ್ಚುಕಡಿಮೆ ಒಂದು ಗಜ ತೆಗೆದು ಉಳಿದ ಎಂಟು ಗಜವನ್ನು ನಾಲ್ಕು ಮಡಚಿ. ಅದೂ ಆರು ಅಡಿಗೇ ಬರುತ್ತದೆ. ಆದರೆ ನಾಲ್ಕು ಪದರದ ಮೇಲೆ ತುಂಡು ಹಾಕಿ ಹೊಲಿಯುವುದು ಬೆರಳಿಗೆ ಭಾರ. ಮೊದಲ ಕೌದಿಗೆ ಮೂರೇ ಸಾಕು.

ಮಡಿಕೆ ಹಾಕುವಾಗ ಸೀರೆಯ ಒಂದು ತುದಿ ಒಳಗೆ ಸೇರಲಿ, ಇನ್ನೊಂದು ತುದಿ ಮೇಲೆ ಬರಲಿ. ಮೇಲಿನದನ್ನು ತುಂಡುಗಳು ಮುಚ್ಚಿಕೊಳ್ಳುತ್ತವೆ. ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಭಾರ ಇಟ್ಟು (ನಾನು ಇಟ್ಟದ್ದು ನಾಲ್ಕು ತಂಬಿಗೆ), ಗೇಣಿಗೊಂದು ಸಾಲಿನಂತೆ ಉದ್ದುದ್ದ ಟಾಕಿನ ಕಚ್ಚಾ ಹೊಲಿಗೆ ಹಾಕಿ. ಕೊನೆಗೆ ಇದನ್ನು ಬಿಚ್ಚಿ ತೆಗೆಯುತ್ತೇವೆ, ಅದಕ್ಕೇ ಬೇರೆ ಬಣ್ಣದ ದಾರ ಇರಲಿ. ಇಷ್ಟು ಒಂದು ಮಧ್ಯಾಹ್ನದ ಕೆಲಸ. ಜೊತೆಗೆ ಯಾರಾದರೂ ಇದ್ದರೆ ಅರ್ಧ ತಾಸು.

ದೊಡ್ಡದು ಬೇಡ ಅನ್ನಿಸಿದರೆ ಕೂಸಿನ ಕೌದಿ ಹೊಲಿಯಿರಿ. ಮೂರಡಿಗೆ ಮೂರಡಿ ಸಾಕು.

ಸೂಜಿ, ದಾರ

ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ಎರಡು ಇಂಚು ಉದ್ದದ, ಕಣ್ಣು ದೊಡ್ಡದಿರುವ ಕೈಸೂಜಿ ತನ್ನಿ. ದಪ್ಪ ಕಾಟನ್ ದಾರ, ಬಿಳಿ ಅಥವಾ ಕೆಂಪು. ತೆಳ್ಳಗಿದ್ದರೆ ಜೋಡಿ ಮಾಡಿ. ಆರು ಅಡಿ ಕೌದಿಯಲ್ಲಿ ಸಾಲಿನಿಂದ ಸಾಲಿಗೆ ಒಂದು ಇಂಚು ಬಿಟ್ಟರೂ ಒಟ್ಟು ಹೊಲಿಗೆ 270 ಅಡಿ ಆಗುತ್ತದೆ. ಜೋಡಿ ದಾರಕ್ಕೆ 250 ಮೀಟರ್ ಅಂತ ಲೆಕ್ಕ ಹಾಕಿ ಒಟ್ಟಿಗೇ ತಂದುಬಿಡಿ. ಆಮೇಲೆ ಅದೇ ಬಣ್ಣ ಸಿಗುವುದಿಲ್ಲ.

ದಾರ ನಿಮ್ಮ ಕೈಯಷ್ಟು ಉದ್ದ ಇದ್ದರೆ ಸಾಕು. ಪದೇ ಪದೇ ಪೋಣಿಸಲು ಬೇಸರ ಅಂತ ಉದ್ದ ದಾರ ಹಾಕಿದರೆ ಗಂಟುಗಂಟಾಗಿ, ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಮೇಣದಬತ್ತಿಗೆ ಒಂದು ಸಲ ಎಳೆದರೆ ಸಿಕ್ಕಾಗುವುದು ಕಡಿಮೆ. ಬೆರಳಿಗೆ ಲೋಹದ ಟೋಪಿ ಸಿಕ್ಕರೆ ಹಾಕಿಕೊಳ್ಳಿ, ಇಲ್ಲದಿದ್ದರೆ ನಡುಬೆರಳಿಗೆ ಎರಡು ಸುತ್ತು ಬಟ್ಟೆಪಟ್ಟಿ ಸಾಕು.

ಇಲ್ಲೊಂದು ಎಚ್ಚರಿಕೆ. ಮಲಗಿದವರ ಪಕ್ಕ, ಮಕ್ಕಳ ಪಕ್ಕ ಹೊಲಿಯುವವರು ಸೂಜಿ ಎಣಿಸಿಯೇ ಏಳಬೇಕು. ನಾನು ಒಂದು ರಾತ್ರಿ ಅಲಾರಾಂ ಹೊಡೆದ ಗಡಿಬಿಡಿಯಲ್ಲಿ ಸೂಜಿ ಎಲ್ಲಿಟ್ಟೆ ಅಂತ ಮರೆತೆ. ಅರ್ಧ ಮೈಯಲ್ಲಿ ಸ್ಪರ್ಶವೇ ಇಲ್ಲದವರ ಹಾಸಿಗೆಯಲ್ಲಿ ಸೂಜಿ ಬಿದ್ದಿದ್ದರೆ? ರಾತ್ರಿ ಎರಡೂವರೆಗೆ ಗಂಡನನ್ನೂ ಎಬ್ಬಿಸಿ, ಬ್ಯಾಟರಿ ಹಿಡಿದು, ಹಾಸಿಗೆ ಪೂರ್ತಿ ಕೊಡವಿದೆವು. ಕೊನೆಗೆ ಸಿಕ್ಕಿದ್ದು ನನ್ನ ಸೆರಗಿನಲ್ಲೇ. ಮರುದಿನದಿಂದ ಎರಡೇ ಸೂಜಿ, ಒಂದೇ ಡಬ್ಬಿ. ಹೊಲಿಯಲು ತೆಗೆದಾಗ ಎರಡು, ಏಳುವಾಗ ಡಬ್ಬಿಯಲ್ಲಿ ಎರಡು.

ಜಾಗ ಮತ್ತು ಹೊತ್ತು

ಮನೆಕೆಲಸ ಎಲ್ಲಾ ಮುಗಿದ ಮೇಲೆ ಹೊಲಿಯುತ್ತೇನೆ ಅಂದುಕೊಂಡರೆ ಕೌದಿ ಯಾವತ್ತೂ ಮುಗಿಯುವುದಿಲ್ಲ, ಯಾಕೆಂದರೆ ಮನೆಕೆಲಸ ಮುಗಿಯುವುದಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ಪಾತ್ರೆಗಳನ್ನು ಮೋರಿಯಲ್ಲಿ ನೆನೆಯಲು ಹಾಕಿ, ಇಪ್ಪತ್ತು ನಿಮಿಷ ಹೊಲಿದು, ಆಮೇಲೆ ತಿಕ್ಕಿ. ಪಾತ್ರೆಯೂ ಸುಲಭವಾಗಿ ತಿಕ್ಕಲು ಬರುತ್ತದೆ. ಇದನ್ನು ನೋಡಿ ನಮ್ಮ ನೆಗೆಣ್ಣಿ ಮೊದಮೊದಲು ಹುಬ್ಬು ಹಾರಿಸಿದಳು. ಎರಡು ವಾರದ ಮೇಲೆ ತಾನೇ ಚಹಾ ತಂದು ಪಕ್ಕದಲ್ಲಿ ಕೂರತೊಡಗಿದಳು.

ಹಗಲು ಕಿಟಕಿ ಎಡಗಡೆ ಬರುವಂತೆ ಕೂತರೆ ಬಲಗೈಯ ನೆರಳು ಹೊಲಿಗೆಯ ಮೇಲೆ ಬೀಳುವುದಿಲ್ಲ. ಎಡಗೈಯಲ್ಲಿ ಹೊಲಿಯುವವರು ಉಲ್ಟಾ ಕೂರಬೇಕು. ಬೆನ್ನಿಗೆ ಗೋಡೆ ಬೇಕು. ಕೌದಿಯ ಭಾರ ತೊಡೆಯ ಮೇಲಲ್ಲ, ನೆಲದ ಮೇಲಿರಲಿ. ರಾತ್ರಿ ಗಾಢ ಬಣ್ಣದ ತುಂಡುಗಳ ಮೇಲೆ ಹೊಲಿಯಬೇಡಿ, ಕಣ್ಣಿಗೆ ತ್ರಾಸು. ಅವನ್ನು ಹಗಲಿಗೆ ಇಟ್ಟುಕೊಳ್ಳಿ. ಮೊಬೈಲು ಕೈಗೆಟುಕದ ದೂರದಲ್ಲಿರಲಿ, ಅಲಾರಾಂ ಕೇಳಿಸಿದರೆ ಸಾಕು. ನಮ್ಮಲ್ಲಿ ಧಾರವಾಡ ಆಕಾಶವಾಣಿ ಸಣ್ಣಗೆ ಹಾಡುತ್ತಿರುತ್ತಿತ್ತು, ಅತ್ತೆಗೂ ಅದು ರೂಢಿ.

ತುಂಡು ಜೋಡಿಸುವುದು: ಅಂಚಿನಿಂದ ಒಳಗೆ

ಮೇಲಿನ ಪದರವನ್ನು ಮೊದಲೇ ಪೂರ್ತಿ ಜೋಡಿಸಿಕೊಂಡು ಆಮೇಲೆ ಹೊಲಿಯುವವರಿದ್ದಾರೆ. ನನ್ನ ಮಾತು ಕೇಳುವುದಾದರೆ ಸಿದ್ದಿ ಮಹಿಳೆಯರ ರೀತಿ ಹಿಡಿಯಿರಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಇರುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರ ಹೆಂಗಸರು ಹೊಲಿಯುವ ಕವಂದಿಗಳಿಗೆ (ಕೌದಿಗೆ ಅವರು ಹೇಳುವ ಹೆಸರು) ಈಗ ಹೊರದೇಶಗಳಲ್ಲೂ ಹೆಸರಿದೆ. ಅವರು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಒಂದೊಂದೇ ತುಂಡು ಇಡುತ್ತಾ, ಹೊಲಿಯುತ್ತಾ, ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ಮುಂದಿನ ತುಂಡು ಯಾವುದು ಅಂತ ಅಲ್ಲಿಗೆ ಬಂದಾಗಲೇ ತೀರ್ಮಾನ.

ಇದರಲ್ಲಿ ಎರಡು ಲಾಭ. ನಕ್ಷೆ ಬೇಕಿಲ್ಲ. ಇನ್ನೊಂದು, ಸುತ್ತು ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಮೊದಲ ಸುತ್ತು ಹತ್ತಿರ ಹತ್ತಿರ 20 ಅಡಿ. ನನಗೆ ಐದು ದಿನ ಹಿಡಿಯಿತು, ಇದು ಆಗುವ ಕೆಲಸವಲ್ಲ ಅನ್ನಿಸಿತು. ಹದಿನೈದನೇ ಸುತ್ತಿಗೆ ಬಂದಾಗ ಎರಡೇ ದಿನ. ಕಷ್ಟ ಮೊದಲೇ ಮುಗಿದಿರುತ್ತದೆ. ಮನೆಯ ಉಳಿದ ಯಾವ ಕೆಲಸವೂ ಹೀಗೆ ಹಗುರಾಗುತ್ತಾ ಬಂದದ್ದು ನಾನು ನೋಡಿಲ್ಲ.

ಮಾಡುವುದು ಹೀಗೆ. ಗೇಣಿನಷ್ಟು ಚೌಕ ಅಥವಾ ಉದ್ದ ತುಂಡು ತೆಗೆದುಕೊಳ್ಳಿ. ಕಾಟನ್ ಆದರೆ ಕತ್ತರಿಯಿಂದ ಒಂದು ಗೀರು ಹಾಕಿ ಕೈಯಲ್ಲಿ ಹರಿಯಿರಿ, ಎಳೆಗೆ ಸರಿಯಾಗಿ ನೇರ ಬರುತ್ತದೆ. ಮೂಲೆಯ ತುಂಡನ್ನು ಅಂಚಿನಾಚೆ ಒಂದೂವರೆ ಇಂಚು ಹೊರಚಾಚುವಂತೆ ಇಟ್ಟು, ಆ ಭಾಗವನ್ನು ಹಿಂದಕ್ಕೆ ತಿರುಗಿಸಿ, ಅರ್ಧ ಇಂಚು ಒಳಮಡಚಿ. ಸೀರೆಯ ಪದರಗಳ ಬಾಯಿ ಅದರಲ್ಲಿ ಮುಚ್ಚಿಹೋಗುತ್ತದೆ. ಅಂಚಿನಿಂದ ಅರ್ಧ ಇಂಚು ಬಿಟ್ಟು ಮೊದಲ ಸಾಲು ಹೊಲಿಯಿರಿ. ತುಂಡು ಮುಗಿಯುವ ಹೊತ್ತಿಗೆ ಮುಂದಿನದನ್ನು ಅದರ ಮೇಲೆ ಅರ್ಧ ಇಂಚು ಏರುವಂತೆ ಇಟ್ಟು, ಏರಿದ ಅಂಚನ್ನು ಉಗುರಿನಿಂದ ಒಳಕ್ಕೆ ಮಡಚಿ, ದಾರ ಕತ್ತರಿಸದೆ ಹಾಗೇ ಮುಂದುವರಿಯಿರಿ. ಒಂದು ಸುತ್ತು ಆದ ಮೇಲೆ ಒಂದು ಇಂಚು ಒಳಗೆ ಬನ್ನಿ. ಹೀಗೆ ಸುಮಾರು 22 ಸುತ್ತು. ತುಂಡುಗಳ ಒಳಅಂಚು ಬಂದಾಗ ಎರಡನೇ ಸಾಲಿನ ತುಂಡು ಅದೇ ರೀತಿ ಏರಿಸಿ.

ಪ್ರತಿ ಸುತ್ತಿಗೂ ಅಂಗೈಯಿಂದ ಬಟ್ಟೆಯನ್ನು ಒಳಗಿನಿಂದ ಹೊರಗೆ ಸವರಿ. ಇಲ್ಲದಿದ್ದರೆ ಸಡಿಲವೆಲ್ಲಾ ನಡುವಿಗೆ ಸೇರಿ ಕೊನೆಗೆ ಗುಡ್ಡದ ಹಾಗೆ ಉಬ್ಬುತ್ತದೆ.

ಟಾಕು ಎಷ್ಟು ಉದ್ದ?

ಮೇಲೆ ಕೆಳಗೆ, ಮೇಲೆ ಕೆಳಗೆ, ಅಷ್ಟೇ ಹೊಲಿಗೆ. ಸೂಜಿಯಲ್ಲಿ ಒಂದು ಸಲಕ್ಕೆ ನಾಲ್ಕೈದು ಟಾಕು ತುಂಬಿಕೊಂಡು ಎಳೆಯಬಹುದು. ಜೋಳದ ಕಾಳಿನಷ್ಟು ಉದ್ದ ಇರಲಿ. ನಾನು ಶುರುವಿನಲ್ಲಿ ಬೇಗ ಆಗಲಿ ಅಂತ ಅದಕ್ಕಿಂತ ಎರಡು ಪಟ್ಟು ಉದ್ದ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆಯನ್ನು ನನ್ನ ಕಡೆ ಮಗ್ಗುಲಾಗಿಸಿದ್ದೆ. ಕೌದಿಯ ಅಂಚು ಅವರ ಎಡಗೈ ಹತ್ತಿರ ಇತ್ತು. ತೋರುಬೆರಳನ್ನು ಸಾಲಿನ ಮೇಲೆ ನಿಧಾನಕ್ಕೆ ಓಡಿಸಿದರು. ಒಂದು ಕಡೆ ನಿಲ್ಲಿಸಿ ಉಗುರಿನಿಂದ ಟಕ್ ಟಕ್ ಬಡಿದರು. ಏನೋ ಹೇಳಿದರು. "ಉಂ... ಉಂಗರಾ." ನನಗೆ ತಿಳಿಯಲಿಲ್ಲ. ಕೈಯಲ್ಲಿನ ಉಂಗುರ ಕೇಳುತ್ತಿದ್ದಾರೆ ಅಂದುಕೊಂಡು, "ತಗದಿಟ್ಟೇನಿ ಅತ್ತಿ, ಕಪಾಟಿನಾಗ ಐತಿ" ಅಂದೆ. ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. ಆವತ್ತು ರಾತ್ರಿ ಚಳಿ ಅಂತ ಅರೆಹೊಲಿದ ಕೌದಿಯನ್ನೇ ಕಾಲಿಗೆ ಎಳೆದುಕೊಂಡೆ. ನನ್ನ ಕಾಲುಂಗುರ ಉದ್ದ ಟಾಕಿಗೆ ಸಿಕ್ಕಿ ದಾರ ಪಟ್ಟನೆ ಹರಿಯಿತು. ಆಗ ಗೊತ್ತಾಯಿತು ಯಾವ ಉಂಗುರ ಅಂತ.

ಒಂದೂವರೆ ಸುತ್ತು ಬಿಚ್ಚಿ ಮತ್ತೆ ಹೊಲಿದೆ. ಅಲ್ಲಿಂದ ದಿನಾ ಮಧ್ಯಾಹ್ನ ಹೊಲಿದಷ್ಟನ್ನು ಅವರ ಎಡಗೈಗೆ ಕೊಡುವುದು ರೂಢಿಯಾಯಿತು. ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದರೆ ಇದನ್ನು ಮಾಡಿ ನೋಡಿ. ಎಲ್ಲರೂ ಅವರಿಗೆ ಏನಾದರೂ ಮಾಡುತ್ತಲೇ ಇರುತ್ತಾರೆ. ಅವರ ಹತ್ತಿರ ಕೇಳುವವರು ಯಾರೂ ಇರುವುದಿಲ್ಲ.

ಗಂಟು ಯಾವಾಗಲೂ ಪದರಗಳ ನಡುವೆ ಅಡಗಲಿ. ಮಲಗಿದವರಿಗೆ ಕೌದಿ ಹೊದಿಸಿ, ಅವರ ಮೈ ಕೆಳಗೆ ಹಾಸಬೇಡಿ. ಮೇಲಿಂದ ಮೇಲೆ ಬಂದ ತುಂಡುಗಳ ದಪ್ಪ ಅಂಚು ಒತ್ತಿದಲ್ಲೇ ಚರ್ಮ ಕೆಂಪಾಗುತ್ತದೆ. ಹೊದಿಸಿದರೂ ಉಸಿರಾಟಕ್ಕೆ ಭಾರ ಆಗುತ್ತಿದೆಯಾ ನೋಡಿಕೊಳ್ಳಿ.

ಕೈಗೆ ಹಿಡಿಯಲೂ ಬೇಡ ಅನ್ನಿಸಿದ ದಿನ

ಅಂಥ ದಿನ ಬರುತ್ತವೆ. ನನಗೆ ಭಾದ್ರಪದದಲ್ಲಿ ಎಂಟು ದಿನ ಬಂತು. ಆಗ ಹೊಲಿಯಬೇಡಿ. ತುಂಡು ಮಡಚಿಡಿ, ಬಣ್ಣ ಬಣ್ಣ ಬೇರೆ ಮಾಡಿ, ಹತ್ತು ಸೂಜಿದಾರ ಕತ್ತರಿಸಿಡಿ. ಅದೂ ಬೇಡವಾದರೆ ಕೌದಿಯನ್ನು ಮಡಚಿ ಬದಿಗಿಡಿ, ಅದೇನು ಹಳಸುವುದಿಲ್ಲ.

ಆದರೆ ಎರಡು ವಾರ ಆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಸೂಜಿದಾರ ಮದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನಿಸುತ್ತಿದ್ದರೆ ಎರಡು ವಾರ ಕಾಯುವುದೂ ಬೇಡ, ಇವತ್ತೇ ಮಾಡಿ.

ಹೊಟ್ಟೆ ಮುಚ್ಚುವುದು, ಮೂಲೆ ಕಟ್ಟುವುದು

ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಕೌದಿಯ ಹೊಟ್ಟೆ ಅಂತಾರೆ. ಖಾಲಿ ಹೊಟ್ಟೆ ಮುಚ್ಚಬಾರದು, ಒಂದು ಚೂರು ರೊಟ್ಟಿ ಇಡಬೇಕು. ನಾನು ಇರುವೆಗೆ ಹೆದರಿ ಐದು ಕಾಳು ಅಕ್ಕಿ ಇಟ್ಟೆ. ಅತ್ತೆಗೆ ಒಪ್ಪಿಗೆಯಾಗಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಇಟ್ಟ ಮೇಲೆ ಕೊನೆಯ ತುಂಡಿನ ನಾಲ್ಕೂ ಅಂಚು ಒಳಮಡಚಿ ಮುಚ್ಚಿ, ಅದರ ಮೇಲೂ ಎರಡು ಸಾಲು ಓಡಿಸಿ.

ಸಿದ್ದಿಗಳ ಕವಂದಿಯ ನಾಲ್ಕು ಮೂಲೆಗೂ ಬಣ್ಣದ ಸಣ್ಣ ಬಟ್ಟೆಗಳನ್ನು ತ್ರಿಕೋನ ಮಡಚಿ ಒಂದರ ಮೇಲೊಂದು ಹೊಲಿದಿರುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂವು ಅನ್ನುತ್ತಾರೆ. ಇಳಕಲ್ ಸೆರಗಿನ ರೇಷ್ಮೆ ಎತ್ತಿಟ್ಟಿದ್ದೆನಲ್ಲ, ನಾನು ಅದನ್ನು ಇಲ್ಲಿ ಬಳಸಿದೆ. ಆಮೇಲೆ ಕಚ್ಚಾ ಹೊಲಿಗೆಯ ದಾರ ಎಳೆದು ತೆಗೆಯಿರಿ. ಇದನ್ನು ಮಕ್ಕಳಿಗೆ ಕೊಡಿ, ಅವರಿಗೆ ಇದಕ್ಕಿಂತ ಖುಷಿಯ ಕೆಲಸವಿಲ್ಲ.

ಒಗೆಯುವುದು

ಮೊದಲ ಸಲ ತಣ್ಣೀರಿನಲ್ಲಿ, ಒಂದು ಹಿಡಿ ಉಪ್ಪು ಹಾಕಿ, ಬೇರೆ ಬಟ್ಟೆ ಸೇರಿಸದೆ ಒಗೆಯಿರಿ. ನೆನೆದ ಕೌದಿ ಒಬ್ಬರಿಂದ ಎತ್ತಲು ಆಗುವುದಿಲ್ಲ. ಹಿಂಡಬೇಡಿ, ಟಾಕು ಹರಿಯುತ್ತದೆ. ಇಬ್ಬರು ಎರಡು ಕಡೆ ಹಿಡಿದು ಕಟ್ಟೆಯ ಮೇಲೆ ಹಾಕಿ ನೀರು ಬಸಿಯಲು ಬಿಡಿ. ಹಗ್ಗದ ಮೇಲೆ ಹಾಕಿದರೆ ಜಗ್ಗಿ ಆಕಾರ ಕೆಡುತ್ತದೆ, ಮಾಳಿಗೆಯ ಮೇಲೆ ಹಾಸಿ ಒಣಗಿಸಿ. ಒಂದು ಬಿಸಿಲು ಸಾಲದು, ಎರಡು ಬೇಕು. ಒಣಗಿದ ಮೇಲೆ ಸ್ವಲ್ಪ ಕುಗ್ಗಿ ಟಾಕಿನ ನಡುವೆ ಬಟ್ಟೆ ಸುಕ್ಕಾಗಿ ನಿಲ್ಲುತ್ತದೆ. ಹಾಗೇ ಇರಬೇಕು, ಇಸ್ತ್ರಿ ಹಾಕಲು ಹೋಗಬೇಡಿ.

ನಮ್ಮದನ್ನು ಮಾಳಿಗೆಯ ಮೇಲೆ ಹಾಕಿದ್ದು ಎರಡನೇ ದಿನ ಕೆಳಗೆ ತರುವಾಗ ನೋಡಿದರೆ ನಡುವೆ ಪಾರಿವಾಳ ಕುಕ್ಕಿದ ಗುರುತು. ಎರಡು ಟಾಕು ಕಿತ್ತಿತ್ತು, ಅಕ್ಕಿ ಕಾಳು ನಾಲ್ಕೇ ಉಳಿದಿತ್ತು. ಅತ್ತೆಗೆ ತೋರಿಸಿದೆ. ಲಕ್ವಾ ಹೊಡೆದ ಮೇಲೆ ಅವರು ಗಟ್ಟಿಯಾಗಿ ನಕ್ಕಿದ್ದು ಅವತ್ತೇ. ಆಮೇಲೆ ಎಡಗೈಯಿಂದ ಅಡುಗೆಮನೆಯ ಕಡೆ ತೋರಿಸಿ, ಪೂರ್ತಿ ತಿಳಿಯುವಂತೆ ಅಂದರು: "ರೊಟ್ಟಿ."